ಆಟಕ್ಕೆ ಲೆಕ್ಕ ಬರೆದವನು

ಕ್ರಿಕೆಟ್ ಪಂದ್ಯದ ಮರುದಿನ ಪತ್ರಿಕೆ ಬಿಡಿಸಿದರೆ ಅನೇಕರ ಕಣ್ಣು ಮೊದಲು ಹೋಗುವುದು ಸಣ್ಣ ಅಕ್ಷರದ ಸ್ಕೋರು ಪಟ್ಟಿಯ ಕಡೆಗೆ. ಇಡೀ ದಿನದ ಆಟ ಅಂಗೈಯಗಲದ ಜಾಗದಲ್ಲಿ ಅಡಗಿರುತ್ತದೆ. ಈ ಪಟ್ಟಿಯನ್ನು ಬೇಸ್‌ಬಾಲಿಗೆ ಒಗ್ಗಿಸಿ, ಆಟಗಾರನ ಯೋಗ್ಯತೆಯನ್ನು ಅಂಕಿಗಳಿಂದ ಅಳೆಯುವ ಅಭ್ಯಾಸವನ್ನು ಅಮೆರಿಕದಲ್ಲಿ ಬೇರೂರಿಸಿದವನು ಹೆನ್ರಿ ಚಾಡ್ವಿಕ್. ಆತ ಹೆಸರು ಮಾಡಿದ್ದು ಲೇಖನಿಯಿಂದ, ಆಟದಿಂದಲ್ಲ. ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಹುಟ್ಟಿನ ಈ ಸಂಗತಿಯೇ ಇಳಿವಯಸ್ಸಿನಲ್ಲಿ ಆತನ ಕಾಲಿಗೆ ತೊಡರಿಕೊಂಡಿತು.

1824ರ ಅಕ್ಟೋಬರ್ 5ರಂದು ಎಕ್ಸೆಟರ್ ಪಟ್ಟಣದಲ್ಲಿ ಜನಿಸಿದ ಹೆನ್ರಿಯ ತಂದೆ ಜೇಮ್ಸ್ ಚಾಡ್ವಿಕ್ ಪತ್ರಕರ್ತ. ಪರಮಾಣು ಸಿದ್ಧಾಂತದ ಜಾನ್ ಡಾಲ್ಟನ್‌ಗೆ ಆತ ಸಂಗೀತ, ಸಸ್ಯಶಾಸ್ತ್ರಗಳ ಪಾಠ ಹೇಳಿದ್ದನಂತೆ. ಹೆನ್ರಿಯ ಮಲ ಅಣ್ಣ ಎಡ್ವಿನ್ ಚಾಡ್ವಿಕ್ ಇನ್ನೂ ಪ್ರಸಿದ್ಧ. ಇಂಗ್ಲೆಂಡಿನ ಕಾರ್ಮಿಕರು ಎಷ್ಟು ಕೊಳಕಿನಲ್ಲಿ ಬದುಕುತ್ತಾರೆ, ಅದರಿಂದ ಎಷ್ಟು ಬೇಗ ಸಾಯುತ್ತಾರೆ ಎಂಬುದನ್ನು 1842ರ ತನ್ನ ವರದಿಯಲ್ಲಿ ಅಂಕಿ ಅಂಶಗಳೊಂದಿಗೆ ಸರಕಾರದ ಮುಂದಿಟ್ಟವನು ಎಡ್ವಿನ್. ಅಣ್ಣ ಸಾವುಗಳನ್ನು ಎಣಿಸಿದ, ತಮ್ಮ ರನ್ನುಗಳನ್ನು ಎಣಿಸಿದ. ಕುಟುಂಬದ ಗುಣವೆನ್ನಬೇಕೇನೋ!

1837ರಲ್ಲಿ ಚಾಡ್ವಿಕ್ ಕುಟುಂಬ ಅಮೆರಿಕದ ಬ್ರೂಕ್ಲಿನ್‌ಗೆ ಬಂದು ನೆಲೆಸಿತು. ಹೆನ್ರಿ ಸಂಗೀತ ಪಾಠ ಹೇಳಿದ, ಪತ್ರಿಕೆಗಳಿಗೆ ಕ್ರಿಕೆಟ್ ವರದಿ ಬರೆದ. ಆಗ ನ್ಯೂಯಾರ್ಕಿನ ಸುತ್ತಮುತ್ತ ಕ್ರಿಕೆಟ್ ಗೌರವದ ಆಟ. ಬೇಸ್‌ಬಾಲ್ ಇನ್ನೂ ಕಣ್ಣು ಬಿಡುತ್ತಿತ್ತು. 1856ರಲ್ಲಿ ಹಡ್ಸನ್ ನದಿಯಾಚೆಯ ಹೊಬೋಕನ್‌ನಲ್ಲಿ, ಎಲಿಸಿಯನ್ ಫೀಲ್ಡ್ಸ್ ಎಂಬ ಮೈದಾನದಲ್ಲಿ ಈಗಲ್ ಮತ್ತು ಗೋಥಮ್ ಕ್ಲಬ್ಬುಗಳ ನಡುವಿನ ಬೇಸ್‌ಬಾಲ್ ಪಂದ್ಯವನ್ನು ಆತ ನೋಡಿದ. ಆಟ ಚುರುಕಾಗಿತ್ತು, ಹೊತ್ತು ಮುಳುಗುವುದರೊಳಗೆ ಮುಗಿಯುತ್ತಿತ್ತು. ಇಂಗ್ಲಿಷರಿಗೆ ಕ್ರಿಕೆಟ್ ಹೇಗೋ ಅಮೆರಿಕನ್ನರಿಗೆ ಇದು ಹಾಗಾಗಬಲ್ಲದು ಎಂದು ಆತನಿಗೆ ಅನ್ನಿಸಿತು. ಮರುವರ್ಷದಿಂದ ನ್ಯೂಯಾರ್ಕ್ ಕ್ಲಿಪ್ಪರ್ ಪತ್ರಿಕೆಯಲ್ಲಿ ಬೇಸ್‌ಬಾಲ್ ಬಗ್ಗೆ ಬರೆಯತೊಡಗಿದ. ಬ್ರೂಕ್ಲಿನ್ ಈಗಲ್ ಪತ್ರಿಕೆಗೂ ಬಹುಕಾಲ ಬರೆದ.

ಪಂದ್ಯದ ಪಟ್ಟಿಯನ್ನು ಮೊದಲು ಅಚ್ಚು ಹಾಕಿಸಿದವನು ಚಾಡ್ವಿಕ್ ಅಲ್ಲ. 1845ರಲ್ಲೇ ನ್ಯೂಯಾರ್ಕಿನ ಒಂದು ಪತ್ರಿಕೆ ಆಟಗಾರರ ಹೆಸರು, ರನ್ನು, ಔಟುಗಳ ಪುಟ್ಟ ಪಟ್ಟಿಯನ್ನು ಪ್ರಕಟಿಸಿತ್ತು. ಚಾಡ್ವಿಕ್ ಅದನ್ನು ಬೆಳೆಸಿದ, ಎಲ್ಲೆಡೆ ಒಂದೇ ತೆರನಾಗಿಸಿದ. ಬಿ.ಎಸ್ಸಿ. ಓದುವಾಗ ಪ್ರಯೋಗಾಲಯದ ಪುಸ್ತಕದಲ್ಲಿ ಗೀಟು ಎಳೆದು ಅಂಕಣ ಮಾಡುತ್ತಿದ್ದುದು ನನಗೆ ನೆನಪಾಗುತ್ತದೆ. ಅಂಕಣಕ್ಕೆ ಏನೆಂದು ಹೆಸರಿಡುತ್ತೇವೋ ಅದನ್ನಷ್ಟೇ ಕಣ್ಣು ಗಮನಿಸುತ್ತದೆ. 1860ರಿಂದ ಆತ ಸಂಪಾದಿಸಿದ 'ಬೀಡಲ್ಸ್ ಡೈಮ್ ಬೇಸ್‌ಬಾಲ್ ಪ್ಲೇಯರ್' ಎಂಬ ವಾರ್ಷಿಕ ಕೈಪಿಡಿಯ ಬೆಲೆ ಕೇವಲ ಹತ್ತು ಸೆಂಟು. 1861ರ ಸಂಚಿಕೆಯಲ್ಲಿ ಪ್ರಮುಖ ಕ್ಲಬ್ಬುಗಳ ಆಟಗಾರರು ಆಡಿದ ಪಂದ್ಯ, ಗಳಿಸಿದ ರನ್ನು, ಔಟಾದ ಸಂಖ್ಯೆ ಎಲ್ಲವೂ ಇದ್ದವು. ಒಂದು ಭಾರೀ ಹೊಡೆತಕ್ಕೆ ಪ್ರೇಕ್ಷಕರು ಹುಚ್ಚೆದ್ದು ಕೂಗಬಹುದು. ಆದರೆ ತಂಡವನ್ನು ನಿಜವಾಗಿ ಗೆಲ್ಲಿಸುವವನು ಯಾರು? ವರ್ಷವಿಡೀ ಲೆಕ್ಕವಿಟ್ಟರೆ ಗೊತ್ತಾಗುತ್ತದೆ ಎಂಬುದು ಆತನ ನಂಬಿಕೆ.

ಆದರೆ ಲೆಕ್ಕ ಇಡುವವನಿಗೂ ಒಲವುಗಳಿರುತ್ತವೆ. ಬೌಲರನ ಸ್ಥಾನದಲ್ಲಿರುವ ಪಿಚರ್ ಪದೇ ಪದೇ ಗುರಿ ತಪ್ಪಿ ಎಸೆದರೆ ಬ್ಯಾಟುಗಾರ ಹೊಡೆಯದೆಯೇ ಮೊದಲ ಬೇಸಿಗೆ ನಡೆದು ಹೋಗಬಹುದು. ಅದು ಪಿಚರನ ತಪ್ಪು, ಬ್ಯಾಟುಗಾರನ ಹೆಗ್ಗಳಿಕೆಯಲ್ಲ ಎಂದು ಚಾಡ್ವಿಕ್ ತೀರ್ಮಾನಿಸಿದ. ತಾಳ್ಮೆಯಿಂದ ಕಾದು ನಿಂತವನಿಗೆ ಬ್ಯಾಟಿಂಗ್ ಸರಾಸರಿಯಲ್ಲಿ ಏನೂ ದಕ್ಕಲಿಲ್ಲ. ಅದನ್ನೂ ಲೆಕ್ಕಕ್ಕೆ ಹಿಡಿಯುವ ಶೇಕಡಾವಾರು ಅಧಿಕೃತವಾದದ್ದು 1984ರಲ್ಲಿ!

ನಿಯಮಗಳ ಸಮಿತಿಯಲ್ಲೂ ಆತ ಇದ್ದ. ಆ ಕಾಲದ ಬೇಸ್‌ಬಾಲಿನಲ್ಲಿ ಚೆಂಡು ಒಂದು ಪುಟ ಬಿದ್ದ ಮೇಲೆ ಹಿಡಿದರೂ ಔಟು. ನಮ್ಮ ಬೀದಿ ಕ್ರಿಕೆಟ್ಟಿನ 'ಒನ್ ಪಿಚ್ ಕ್ಯಾಚ್' ಇದ್ದಂತೆ. ಇದು ಮಕ್ಕಳಾಟಿಕೆ, ದೊಡ್ಡವರು ನೇರವಾಗಿ ಹಿಡಿಯಬೇಕು ಎಂದು ಚಾಡ್ವಿಕ್ ವರ್ಷಗಟ್ಟಲೆ ಬರೆದ. 1865ರ ಋತುವಿನಿಂದ ನಿಯಮ ಬದಲಾಯಿತು. ಅದೇ ವರ್ಷ ಮ್ಯೂಚುವಲ್ ಕ್ಲಬ್ಬಿನ ಮೂವರು ಆಟಗಾರರು ಹಣ ಪಡೆದು ಪಂದ್ಯ ಸೋತದ್ದು ಬಯಲಾಯಿತು. ಜೂಜಿನ ವಿರುದ್ಧ ಚಾಡ್ವಿಕ್ ಬರೆಯುತ್ತಲೇ ಇದ್ದ.

ಇನ್ನು ವಿವಾದದ ಕಥೆ. ಹಳೆಯ ಆಟಗಾರ, ಕ್ರೀಡಾ ಸಾಮಗ್ರಿಗಳ ವ್ಯಾಪಾರಿ ಆಲ್ಬರ್ಟ್ ಸ್ಪಾಲ್ಡಿಂಗ್ ಚಾಡ್ವಿಕ್‌ನ ಗೆಳೆಯ. ಆತನ ವಾರ್ಷಿಕ ಕೈಪಿಡಿಗೆ 1881ರಿಂದ ಚಾಡ್ವಿಕ್ ಸಂಪಾದಕ. ಬೇಸ್‌ಬಾಲ್ ತಾನು ಇಂಗ್ಲೆಂಡಿನಲ್ಲಿ ಬಾಲ್ಯದಲ್ಲಿ ಆಡಿದ 'ರೌಂಡರ್ಸ್' ಆಟದಿಂದಲೇ ಬೆಳೆದದ್ದು ಎಂದು ಚಾಡ್ವಿಕ್ ಮೊದಲಿನಿಂದಲೂ ಹೇಳುತ್ತಿದ್ದ. 1903ರಲ್ಲಿ ಅದನ್ನೇ ಮತ್ತೆ ಬರೆದ. ಸ್ಪಾಲ್ಡಿಂಗ್‌ಗೆ ಇದು ಸಹಿಸಲಿಲ್ಲ. ಅಮೆರಿಕದ ರಾಷ್ಟ್ರೀಯ ಆಟ ಇಂಗ್ಲಿಷರ ಮಗುವೇ? ಆತನ ಒತ್ತಾಯದಿಂದ 1905ರಲ್ಲಿ ಅಬ್ರಹಾಂ ಮಿಲ್ಸ್ ನೇತೃತ್ವದ ಆಯೋಗ ರಚನೆಯಾಯಿತು. ಅದಕ್ಕೆ ಸಿಕ್ಕ ಮುಖ್ಯ ಸಾಕ್ಷ್ಯ ಆಬ್ನರ್ ಗ್ರೇವ್ಸ್ ಎಂಬ ವೃದ್ಧ ಗಣಿ ಎಂಜಿನಿಯರನ ಪತ್ರ. ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್ ಎಂಬ ಹಳ್ಳಿಯಲ್ಲಿ ಆಬ್ನರ್ ಡಬಲ್‌ಡೇ ಈ ಆಟವನ್ನು ರೂಪಿಸಿದ ಎಂದು ಅದರಲ್ಲಿತ್ತು. ಆಯೋಗ 1839 ಎಂಬ ವರ್ಷವನ್ನು ಆರಿಸಿಕೊಂಡಿತು. ಆಗ ಗ್ರೇವ್ಸ್ ಐದು ವರ್ಷದ ಹುಡುಗ. ಡಬಲ್‌ಡೇ ದೂರದ ವೆಸ್ಟ್ ಪಾಯಿಂಟ್ ಸೈನಿಕ ಶಾಲೆಯಲ್ಲಿ ವಿದ್ಯಾರ್ಥಿ! ಮುಂದೆ ಅಂತರ್ಯುದ್ಧದಲ್ಲಿ ಹೋರಾಡಿ ಹೆಸರು ಮಾಡಿದ ಸೇನಾನಿಯಾದ್ದರಿಂದ ಆತನ ಹೆಸರು ಎಲ್ಲರಿಗೂ ಒಪ್ಪಿಗೆಯಾಯಿತು. 1907ರ ಡಿಸೆಂಬರ್ 30ರ ಈ ವರದಿ ಅಚ್ಚಾದದ್ದು ಚಾಡ್ವಿಕ್ ಸಂಪಾದಿಸುತ್ತಿದ್ದ 1908ರ ಕೈಪಿಡಿಯಲ್ಲೇ. ಗೆಳೆಯನನ್ನು ಸೋಲಿನಿಂದ ಪಾರು ಮಾಡಿದ ಜಾಣ ವಕೀಲಿಕೆ ಇದು ಎಂಬರ್ಥದಲ್ಲಿ ಆತ ಮಿಲ್ಸ್‌ಗೆ ಪತ್ರ ಬರೆದು ಸುಮ್ಮನಾದ.

ಚಾಡ್ವಿಕ್ ಹೇಳಿದ್ದೂ ಪೂರ್ತಿ ಸರಿಯಿರಲಿಲ್ಲ. 'ಬೇಸ್‌ಬಾಲ್' ಎಂಬ ಹೆಸರು 1744ರ ಇಂಗ್ಲಿಷ್ ಮಕ್ಕಳ ಪುಸ್ತಕವೊಂದರಲ್ಲೇ ಸಿಗುತ್ತದೆ. 'ರೌಂಡರ್ಸ್' ಎಂಬ ಹೆಸರು ಅಚ್ಚಿನಲ್ಲಿ ಕಾಣುವುದು 1828ರ ಹೊತ್ತಿಗೆ. ಡೇವಿಡ್ ಬ್ಲಾಕ್ ಎಂಬ ಸಂಶೋಧಕ 2005ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನೆಲ್ಲ ವಿವರಿಸಿದ್ದಾನೆ. ಇಂಗ್ಲೆಂಡಿನ ಬೇರು ನಿಜ. ರೌಂಡರ್ಸ್ ಮಾತ್ರ ತಾಯಿಯಲ್ಲ.

ವರದಿ ಪ್ರಕಟವಾದ ಆ ವಸಂತದಲ್ಲಿ, ಋತುವಿನ ಆರಂಭದ ಪಂದ್ಯಕ್ಕೆಂದು ಚಳಿಯಲ್ಲಿ ಹೋದ ಮುದುಕನಿಗೆ ನ್ಯುಮೋನಿಯಾ ಆಯಿತು. 1908ರ ಏಪ್ರಿಲ್ 20ರಂದು, ಎಂಬತ್ತಮೂರರ ವಯಸ್ಸಿನಲ್ಲಿ ಚಾಡ್ವಿಕ್ ತೀರಿಕೊಂಡ. ಬ್ರೂಕ್ಲಿನ್‌ನ ಗ್ರೀನ್‌ವುಡ್ ಸ್ಮಶಾನದಲ್ಲಿ ಆತನ ಸಮಾಧಿಯ ಮೇಲೆ ಕಲ್ಲಿನ ದೊಡ್ಡ ಚೆಂಡಿದೆ. ಡಬಲ್‌ಡೇ ಕಥೆಯನ್ನು ನಂಬಿ ಬೇಸ್‌ಬಾಲಿನ ಗೌರವ ಮಂದಿರವನ್ನು 1939ರಲ್ಲಿ ತೆರೆದದ್ದು ಕೂಪರ್ಸ್‌ಟೌನ್‌ನಲ್ಲೇ. ಡಬಲ್‌ಡೇ ಹೆಸರು ಅಲ್ಲಿನ ಸನ್ಮಾನಿತರ ಪಟ್ಟಿಗೆ ಸೇರಲಿಲ್ಲ. ಚಾಡ್ವಿಕ್ 1938ರಲ್ಲೇ ಆಯ್ಕೆಯಾದ. ಅಲ್ಲಿರುವ ಆತನ ಫಲಕ ಆತನನ್ನು ಸ್ಕೋರು ಪಟ್ಟಿಯನ್ನು ಕಂಡುಹಿಡಿದವನೆಂದು ಕರೆಯುತ್ತದೆ, 1845ರ ಆ ಪುಟ್ಟ ಪಟ್ಟಿಯನ್ನು ಮರೆತು.