ತಿಂಗಳು ತಪ್ಪಿದ ಲೆಕ್ಕ

ಸ್ಕಂದಗಿರಿ ಎಂದು ಈಗ ಹೆಸರಾಗಿರುವ ಕಳವಾರ ಬೆಟ್ಟದ ಆಸುಪಾಸಿನ ಸೀಮೆ ಎರಡು ಭಾಷೆಗಳ ನಾಡು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿ ಕನ್ನಡ ತೆಲುಗುಗಳೆರಡೂ ಮನೆಮಾತು. ಹೆಣ್ಣು ಬಸಿರಾದ ಸುದ್ದಿಯನ್ನು ಎರಡು ಭಾಷೆಗಳೂ ನೇರವಾಗಿ ಹೇಳುವುದಿಲ್ಲ. ಕನ್ನಡದಲ್ಲಿ ‘ತಿಂಗಳು ತಪ್ಪಿದೆ’, ‘ನೀರು ನಿಂತಿದೆ’ ಎಂದರೆ, ತೆಲುಗಿನಲ್ಲಿ ‘ನೆಲ ತಪ್ಪಿಂದಿ’ ಎನ್ನುತ್ತಾರೆ. ತೆಲುಗಿನ ‘ನೆಲ’ ಎಂದರೆ ತಿಂಗಳು. ಈ ಮಾತುಗಳಲ್ಲಿ ಹೊಟ್ಟೆಯ ಪ್ರಸ್ತಾಪವಿಲ್ಲ, ವಾಕರಿಕೆಯ ಪ್ರಸ್ತಾಪವೂ ಇಲ್ಲ. ಇರುವುದು ದಿನಗಳ ಲೆಕ್ಕ ಮಾತ್ರ.

ಆ ಲೆಕ್ಕವನ್ನು ಇಡುತ್ತಿದ್ದವರು ಯಾರು? ಮುಟ್ಟಾದವಳು ಮೂರು ದಿನ ಹೊರಗೆ ಕೂರಬೇಕಾಗಿದ್ದ ಮನೆಗಳಲ್ಲಿ ಅದು ಅವಳೊಬ್ಬಳ ಗುಟ್ಟಾಗಿರಲು ಸಾಧ್ಯವಿರಲಿಲ್ಲ. ಸೊಸೆ ಈ ಸಲ ಹೊರಗೆ ಕೂರಲಿಲ್ಲ ಎಂಬುದು ಅತ್ತೆಗೂ ಓರಗಿತ್ತಿಗೂ ಕೂಡಲೇ ತಿಳಿಯುತ್ತಿತ್ತು. ಮಕ್ಕಳಿಲ್ಲದವಳ ಪಾಲಿಗಂತೂ ಹೊರಗೆ ಕೂತ ಪ್ರತಿ ತಿಂಗಳೂ ನಿರಾಸೆಯನ್ನು ಊರಿಗೆ ಸಾರಿದಂತೆಯೇ ಆಗುತ್ತಿತ್ತು.

ಲೆಕ್ಕಕ್ಕೆ ಮೈಯ ಸಾಕ್ಷಿ ಬೇಕಲ್ಲ! ಸುಶ್ರುತ ಸಂಹಿತೆಯ ಶಾರೀರಸ್ಥಾನ ಗರ್ಭ ನಿಂತ ಹೊಸತರ ಲಕ್ಷಣಗಳಾಗಿ ದಣಿವು, ಬಾಯಾರಿಕೆ, ತೊಡೆಗಳ ಸೋಲು ಮುಂತಾದವನ್ನು ಹೇಳುತ್ತದೆ. ಬಳಿಕ ಮೊಲೆತೊಟ್ಟು ಕಪ್ಪಾಗುವುದು, ವಾಂತಿ, ಸುವಾಸನೆಯೂ ಹೇಸಿಗೆಯಾಗುವುದು, ಜೊಲ್ಲು ಸುರಿಯುವುದು. ಕಾಳಿದಾಸನ ‘ರಘುವಂಶ’ದ ಮೂರನೆಯ ಸರ್ಗದಲ್ಲಿ ಗರ್ಭಿಣಿ ಸುದಕ್ಷಿಣೆಯ ಬಾಯಿ ಮಣ್ಣಿನ ವಾಸನೆ ಬೀರುತ್ತದೆ. ಹುಣಸೆಕಾಯಿ, ಮಾವಿನಕಾಯಿಗಳ ಜೊತೆಗೆ ಮಣ್ಣನ್ನೂ ಬಯಕೆಯ ಪಟ್ಟಿಗೆ ಸೇರಿಸುವ ನಮ್ಮ ಅಜ್ಜಿಯರ ತಿಳಿವಳಿಕೆ ಇಷ್ಟು ಹಳೆಯದು.

ಆದರೆ ಈ ಕುರುಹುಗಳು ಮೋಸ ಮಾಡುವುದುಂಟು. ಹಾಲೂಡಿಸುವ ತಾಯಿಗೆ ಮುಟ್ಟು ಬಾರದಿರಬಹುದು. ಅದನ್ನೇ ನಂಬಿದವಳು ಮತ್ತೆ ಬಸಿರಾದದ್ದನ್ನು ತಡವಾಗಿ ಅರಿಯಬಹುದು. ಚಿಂತೆ, ಕಾಯಿಲೆ, ಅರೆಹೊಟ್ಟೆಗಳಿಂದಲೂ ತಿಂಗಳು ತಪ್ಪುತ್ತದೆ. ಮಣ್ಣು ತಿನ್ನುವ ಚಪಲವಂತೂ ಅನೇಕ ವೇಳೆ ಕಬ್ಬಿಣಾಂಶದ ಕೊರತೆಯ ಸೂಚನೆ. ಬಯಕೆ ಎಂದು ನಕ್ಕು ಸುಮ್ಮನಾದರೆ ರಕ್ತಹೀನತೆ ಹಾಗೆಯೇ ಉಳಿಯುತ್ತದೆ.

ಖಚಿತವಾದ ಸಾಕ್ಷಿಗಾಗಿ ಮನುಷ್ಯ ಮೂತ್ರದ ಮೊರೆಹೊಕ್ಕದ್ದೂ ಹಳೆಯ ಕಥೆಯೇ. ಪ್ರಾಚೀನ ಈಜಿಪ್ಟಿನವರು ಹೆಂಗಸಿನ ಮೂತ್ರದಲ್ಲಿ ಗೋಧಿ, ಬಾರ್ಲಿ ಕಾಳು ನೆನೆಸಿ ಮೊಳಕೆಗಾಗಿ ಕಾಯುತ್ತಿದ್ದರು. ಬರ್ಲಿನ್ನಿನ ಆಶ್‌ಹೈಮ್ ಮತ್ತು ಜೋಂಡೆಕ್ 1920ರ ದಶಕದ ಕೊನೆಯಲ್ಲಿ ಗರ್ಭಿಣಿಯ ಮೂತ್ರವನ್ನು ಹೆಣ್ಣಿಲಿಗಳಿಗೆ ಚುಚ್ಚಿ, ಅವುಗಳ ಅಂಡಾಶಯದಲ್ಲಾಗುವ ಬದಲಾವಣೆಯನ್ನು ತೋರಿಸಿದರು. ಮುಂದೆ ಮೊಲ, ಆಫ್ರಿಕದ ಕಪ್ಪೆಗಳ ಸರದಿ ಬಂತು. 1960ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಪ್ರಾಣಿಗಳ ಹಂಗಿಲ್ಲದ ವಿಧಾನ ಕಂಡುಹಿಡಿದರು. ಇಂದಿನ ಪಟ್ಟಿಯೂ ಹುಡುಕುವುದು ಅದೇ ಹಾರ್ಮೋನನ್ನು. ಗರ್ಭ ಕಚ್ಚಿಕೊಂಡ ಮೇಲೆ ಅದು ಹುಟ್ಟುವುದರಿಂದ, ತಿಂಗಳು ತಪ್ಪುವ ಮೊದಲೇ ಪರೀಕ್ಷಿಸಿದರೆ ಸುಳ್ಳು ಉತ್ತರ ಬರಬಹುದು.

ಈಗ ಆ ಪಟ್ಟಿ ಔಷಧ ಅಂಗಡಿಯಲ್ಲಿ ಸಿಗುತ್ತದೆ. ಸರ್ಕಾರದ ‘ನಿಶ್ಚಯ್’ ಕಿಟ್ ಆಶಾ ಕಾರ್ಯಕರ್ತೆಯರ ಚೀಲದಲ್ಲಿ ಹಳ್ಳಿಗೂ ಬಂದಿದೆ. ಅತ್ತೆಗೆ ಮೊದಲು ತಿಳಿಯುತ್ತಿದ್ದ ಸಂಗತಿ ಈಗ ಹೆಣ್ಣಿಗೇ ಮೊದಲು ತಿಳಿಯುವಂತಾಗಿದೆ.

ಮೂರು ತಿಂಗಳು ತುಂಬುವವರೆಗೆ ಬಾಯಿ ಬಿಡಬಾರದೆಂಬ ರೂಢಿ ಮಾತ್ರ ಇನ್ನೂ ಉಳಿದಿದೆ. ಗರ್ಭಪಾತ ಹೆಚ್ಚಾಗಿ ಆಗುವುದು ಆ ಅವಧಿಯಲ್ಲೇ ಆದ್ದರಿಂದ ಅದಕ್ಕೆ ಅರ್ಥವಿಲ್ಲದಿಲ್ಲ. ಆದರೆ ಶಿಶುವಿನ ಮಿದುಳು, ಬೆನ್ನುಹುರಿಗಳ ಮೂಲನಾಳ ಗರ್ಭಧಾರಣೆಯಾದ ಸುಮಾರು 28 ದಿನಗಳಲ್ಲೇ ಮುಚ್ಚಿಕೊಳ್ಳುತ್ತದೆ. ಅದಕ್ಕೆ ನೆರವಾಗುವ ಫೋಲಿಕ್ ಆಮ್ಲದ ಮಾತ್ರೆಯನ್ನು ಮಗು ಬಯಸುವಾಗಲೇ ಆರಂಭಿಸಬೇಕೆನ್ನುತ್ತಾರೆ ವೈದ್ಯರು. ತಾಯಿ ಕಾರ್ಡಿಗೆ ಹೆಸರು ಬರೆಸುವುದು 12 ವಾರಗಳೊಳಗೆ ಆಗಬೇಕು. ತಿಂಗಳು ತಪ್ಪಿದ ಮೇಲೆ ರಕ್ತಸ್ರಾವವೂ ಕೆಳಹೊಟ್ಟೆಯ ಒಂದೇ ಪಕ್ಕದ ನೋವೂ ಕಂಡರೆ ಅದು ನಾಳದಲ್ಲಿ ನಿಂತ ಗರ್ಭವಾಗಿರಬಹುದು. ಅಂಥ ಹೊತ್ತಿನಲ್ಲಿ ಒಂದು ದಿನದ ಮೌನವೂ ಪ್ರಾಣಕ್ಕೆ ಎರವಾದೀತು.

ಊರಿಗೆ ಸುದ್ದಿ ತಡವಾಗಿ ತಿಳಿದರೆ ನಷ್ಟವೇನಿಲ್ಲ. ದಾದಿಗೆ ಮಾತ್ರ ಬೇಗ ತಿಳಿಯಬೇಕು.