ನಾಲ್ಕನೇ ದಿನದ ಸ್ನಾನ

ಸಾಗರ, ಹೊಸನಗರ, ತೀರ್ಥಹಳ್ಳಿಯ ಎಷ್ಟೋ ಮನೆಗಳಲ್ಲಿ ಹೆಂಗಸು ಹೊರಗಾದಳೆಂದರೆ ಮೂರು ದಿನ ಅಡುಗೆಮನೆ, ದೇವರ ಕೋಣೆಯಿಂದ ದೂರ. ನಾಲ್ಕನೇ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ. ಯಾರ ಮುಟ್ಟು ಯಾವತ್ತು ಎಂಬುದು ಮನೆಮಂದಿಗೆಲ್ಲ ಗೊತ್ತು. ಆದರೂ ಅತಿಸ್ರಾವದ ಕಾಯಿಲೆಯನ್ನು ಅಡಗಿಸಿಟ್ಟದ್ದು ಈ ಕಟ್ಟಳೆಯೇ ಎಂದು ನನಗನ್ನಿಸುತ್ತದೆ. ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆಯಿದ್ದರೆ ಸ್ರಾವ ವಾರ ದಾಟಬಹುದು. ಇನ್ನೂ ನಿಂತಿಲ್ಲ ಎಂದು ಬಾಯಿಬಿಟ್ಟರೆ ಮತ್ತಷ್ಟು ದಿನ ಹೊರಗೆ. ಬಾಯಿಬಿಡದೆ ಮಿಂದು ಬಂದರೆ ಮನೆಯ ಲೆಕ್ಕದಲ್ಲಿ ಮುಟ್ಟು ಮುಗಿಯಿತು. ಸುಮ್ಮನಿರಲು ಇಷ್ಟು ಸಾಕಾಗಿತ್ತು. ತೀರ್ಥಹಳ್ಳಿಯ ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಕಾದಂಬರಿಯಲ್ಲಿ ಬಾಲವಿಧವೆ ಮೈನೆರೆದಾಗ ಆಕೆಯ ತಲೆ ಬೋಳಿಸುತ್ತಾರೆ. ಹೆಣ್ಣಿನ ರಕ್ತ ಆಕೆಯ ದೇಹದ ಸುದ್ದಿಯಾಗುವ ಮೊದಲೇ ಮನೆತನದ ತೀರ್ಮಾನವಾಗುತ್ತಿತ್ತು.

ಆ ಮೂರು ದಿನ ವಿಶ್ರಾಂತಿಯಾದರೂ ಸಿಗುತ್ತಿತ್ತಲ್ಲ ಎನ್ನುವವರಿದ್ದಾರೆ. ಕೈಗೆ ಕೈ ಸೇರಿಸುವ ಹೆಂಗಸರಿದ್ದ ತುಂಬು ಮನೆಗಳ ಮಟ್ಟಿಗೆ ಅದು ನಿಜ. ಕೂಲಿಗೆ ಅಡಿಕೆ ಸುಲಿಯುವವಳಿಗೆ ಅಂಥ ಬಿಡುವೆಲ್ಲಿ? ಇನ್ನೊಂದು ಆಕ್ಷೇಪಣೆ ಹೆಚ್ಚು ಗಟ್ಟಿ: ಹಿಂದಿನವರಿಗೆ ಕಾಯಿಲೆಯೂ ಗೊತ್ತಿತ್ತು, ಮದ್ದೂ ಗೊತ್ತಿತ್ತು. ಚರಕಸಂಹಿತೆಯ ಯೋನಿವ್ಯಾಪತ್ ಅಧ್ಯಾಯದಲ್ಲಿ ಪ್ರದರದ, ಅಂದರೆ ಅತಿಸ್ರಾವದ, ವಿವರವಿದೆ; ಅಶೋಕಾರಿಷ್ಟಕ್ಕೆ ತೊಗಟೆ ಕೊಡುವ ಅಶೋಕದ ಮರ ಇದೇ ಪಶ್ಚಿಮಘಟ್ಟದ್ದು. ಆ ಅರಿವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮುಟ್ಟು ನಿಂತ ಮೇಲೆ ಫೈಬ್ರಾಯ್ಡ್ ಸಾಮಾನ್ಯವಾಗಿ ತಾನಾಗಿಯೇ ಕುಗ್ಗುತ್ತದೆ. ವರ್ಷಗಟ್ಟಲೆ ಕಷಾಯ ಕುಡಿದವಳ ಸ್ರಾವ ಐವತ್ತರ ಹೊತ್ತಿಗೆ ನಿಂತರೆ ಹೆಸರು ಕಷಾಯಕ್ಕೆ. ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಕಂಡರೆ ಅದು ಗರ್ಭಕೋಶದ ಕ್ಯಾನ್ಸರಿನ ಸೂಚನೆಯೂ ಆಗಿರಬಹುದು. ಹೊರಗಿನಿಂದ ನೋಡಿದರೆ ಗಡ್ಡೆಯದೂ ಕ್ಯಾನ್ಸರಿನದೂ ಬರೀ ರಕ್ತವೇ.

ಈಗ ಹೊರಗೆ ಕೂರುವುದು ಕಡಿಮೆಯಾಗಿದೆ, ಸಂಕೋಚ ಅಷ್ಟು ಕಡಿಮೆಯಾಗಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆಯಿತ್ತು. ಅದಕ್ಕೆಲ್ಲ ಅತಿಸ್ರಾವವೇ ಕಾರಣವಲ್ಲ, ಊಟದ ಕೊರತೆಯೂ ಇದೆ. ಆದರೆ ಕಬ್ಬಿಣದ ಮಾತ್ರೆ ಕೊಡುವಾಗ ಮುಟ್ಟು ಎಷ್ಟು ದಿನ, ಹೆಪ್ಪು ಬೀಳುತ್ತದೆಯೇ ಎಂದು ಕೇಳದಿದ್ದರೆ ಸೋರುವ ಕೊಡಕ್ಕೆ ನೀರು ಹೊಯ್ದಂತೆ. ಮಕ್ಕಳಾದ ಮೇಲೆ ಗರ್ಭಕೋಶ ಯಾಕೆ, ತೆಗೆಸಿಬಿಡಿ ಎಂಬ ಸಲಹೆಯೂ ಹಳೆಯ ಕಟ್ಟಳೆಯ ಮುಂದುವರಿಕೆಯೇ, ಯಾಕೆಂದರೆ ಅಲ್ಲಿಯೂ ಆಕೆಯನ್ನು ಕೇಳುವವರಿಲ್ಲ. ಕೆಲವರಿಗೆ ಆ ಶಸ್ತ್ರಚಿಕಿತ್ಸೆ ಬೇಕೇ ಬೇಕು. ಉಳಿದವರಿಗೆ 1962ರಲ್ಲಿ ಜಪಾನಿನ ಉತಾಕೊ ಒಕಾಮೊಟೊ ದಂಪತಿ ವರದಿ ಮಾಡಿದ ಟ್ರಾನೆಕ್ಸಾಮಿಕ್ ಆಮ್ಲದ ಮಾತ್ರೆಯಿದೆ, ಗರ್ಭಕೋಶದೊಳಗೆ ಇಡುವ ಹಾರ್ಮೋನಿನ ವಂಕಿಯಿದೆ, ಗಡ್ಡೆಯನ್ನಷ್ಟೇ ತೆಗೆಯುವ ಶಸ್ತ್ರಚಿಕಿತ್ಸೆಯಿದೆ. ಸ್ಕ್ಯಾನಿಂಗ್ ವರದಿಯನ್ನು ಮುಂದಿಟ್ಟುಕೊಂಡು ಇಷ್ಟನ್ನೂ ಗಂಡನಿಗಲ್ಲ, ಆಕೆಗೇ ಬಿಡಿಸಿ ಹೇಳಬೇಕು.