ಹುಲಿಕಲ್‌ನ ಆಲದ ಸಾಲು

ಅಶೋಕ ಚಕ್ರವರ್ತಿ ರಸ್ತೆಯ ಇಕ್ಕೆಲಗಳಲ್ಲಿ ಸಾಲುಮರ ನೆಡಿಸಿದನೆಂದು ಶಾಲೆಗೆ ಹೋದ ಕನ್ನಡಿಗರೆಲ್ಲ ಬಾಯಿಪಾಠ ಮಾಡಿದವರೇ. ಜನರಿಗೂ ಪಶುಗಳಿಗೂ ನೆರಳಾಗಲೆಂದು ದಾರಿಯುದ್ದಕ್ಕೂ ಆಲ ಬೆಳೆಸಿದ್ದನ್ನು ಆತನ ಏಳನೆಯ ಸ್ತಂಭಶಾಸನವೇ ಹೇಳುತ್ತದೆ. ‘ನೆಡಿಸಿದನು’ ಎಂಬ ಕ್ರಿಯಾಪದವನ್ನು ಗಮನಿಸಬೇಕು. ಗುಂಡಿ ತೋಡಿದವರು, ನೀರು ಹೊತ್ತವರು ಯಾರೆಂಬುದು ಶಾಸನದಲ್ಲಿಲ್ಲ. ಮಾಗಡಿ ತಾಲ್ಲೂಕಿನ ಹುಲಿಕಲ್‌ನಿಂದ ಕುದೂರಿನ ಕಡೆಗೆ ಹೋಗುವ ಸಾಲಿನದು ಬೇರೆಯೇ ಕಥೆ. ಅಲ್ಲಿ ನೆಡಿಸಿದವರು ಯಾರೂ ಇಲ್ಲ. ನೆಟ್ಟವರು ತಿಮ್ಮಕ್ಕ ಮತ್ತು ಅವರ ಪತಿ ಚಿಕ್ಕಯ್ಯ.

ತಿಮ್ಮಕ್ಕ ಹುಟ್ಟಿದ್ದು ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಮದುವೆಯಾಗಿ ಹುಲಿಕಲ್‌ಗೆ ಬಂದ ಮೇಲೂ ಕೂಲಿಯೇ ಬದುಕು. ಮಕ್ಕಳಾಗಲಿಲ್ಲ. ಹಳ್ಳಿಯಲ್ಲಿ ಬಂಜೆಯೆನಿಸಿಕೊಂಡ ಹೆಣ್ಣಿನ ಪಾಡನ್ನು ಓದುಗರಿಗೆ ವಿವರಿಸಬೇಕಿಲ್ಲ. ಮರಗಳನ್ನೇ ಮಕ್ಕಳೆಂದುಕೊಂಡರು ಎಂಬ ಮಾತು ಅವರ ಬಗೆಗಿನ ಬರಹಗಳಲ್ಲೆಲ್ಲ ಬರುತ್ತದೆ. ಅದು ನಿಜವೂ ಹೌದು. ಆದರೆ ಆ ಮಾತಿನ ಭರದಲ್ಲಿ ದಂಪತಿಯ ಕೆಲಸದ ಜಾಣ್ಮೆ ಮರೆಯಾಗಿಬಿಡುತ್ತದೆ.

ಊರ ಸುತ್ತ ಆಲಕ್ಕೆ ಕೊರತೆಯಿರಲಿಲ್ಲ. ಅವುಗಳಿಂದಲೇ ಸಸಿ ಮಾಡಿಕೊಂಡರು. ಮೊದಲ ವರ್ಷ 10, ಎರಡನೆಯ ವರ್ಷ 15, ಮೂರನೆಯ ವರ್ಷ 20. ಸಾಕಲು ಆಗುವಷ್ಟನ್ನೇ ನೆಡುವ ಲೆಕ್ಕ ಇದು. ಮಳೆಗಾಲ ನೋಡಿಕೊಂಡು ನೆಡುವುದು, ಮುಂದಿನ ಮಳೆ ಬರುವವರೆಗೆ ಬಿಂದಿಗೆಗಳಲ್ಲಿ ನೀರು ಹೊತ್ತು ಹಾಕುವುದು. ಎಳೆಚಿಗುರೆಂದರೆ ದನ, ಮೇಕೆಗಳಿಗೆ ಪ್ರಾಣ. ಅದಕ್ಕಾಗಿ ಸುತ್ತ ಮುಳ್ಳಿನ ಬೇಲಿ. ವನಮಹೋತ್ಸವದಲ್ಲಿ ಹೋದ ವರ್ಷದ ಗುಂಡಿಗೇ ಮತ್ತೆ ಸಸಿ ಇಡುವುದನ್ನು ಕಂಡವರಿಗೆ ಈ ಮುಳ್ಳಿನ ಬೆಲೆ ತಿಳಿಯುತ್ತದೆ. ಸುಮಾರು 4 ಕಿ.ಮೀ. ದಾರಿಯಲ್ಲಿ ಹೀಗೆ ನಿಂತದ್ದು 385 ಆಲ. ಎರಡೂ ಬದಿ ಲೆಕ್ಕ ಹಾಕಿದರೆ ಹೆಚ್ಚುಕಡಿಮೆ 20 ಮೀಟರಿಗೊಂದು.

ಚಿಕ್ಕಯ್ಯ 1991ರಲ್ಲಿ ತೀರಿಕೊಂಡರು. ಹೆಸರು ಬಂದದ್ದು ಅನಂತರ. 1995ರ ರಾಷ್ಟ್ರೀಯ ನಾಗರಿಕ ಪ್ರಶಸ್ತಿ, 2010ರಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯದ ನಾಡೋಜ, 2019ರಲ್ಲಿ ಪದ್ಮಶ್ರೀ. ‘ಸಾಲುಮರದ’ ಎಂಬುದು ತಿಮ್ಮಕ್ಕನವರ ಹೆಸರಿಗೇ ಅಂಟಿಕೊಂಡಿತು. ಜೊತೆಗೆ ನೀರು ಹೊತ್ತ ಚಿಕ್ಕಯ್ಯನವರನ್ನು ನೆನೆಯುವವರು ಕಡಿಮೆ.

ರಸ್ತೆಬದಿಯ ಮರಕ್ಕೆ ಒಂದು ತೊಡಕಿದೆ. ಯಾರೇ ನೆಟ್ಟಿರಲಿ, ಅದು ನಿಂತ ನೆಲ ರಸ್ತೆಯದು. ಎತ್ತಿನಗಾಡಿಗೆ ಸಾಲುತ್ತಿದ್ದ ದಾರಿ ಲಾರಿಗೆ ಸಾಲದು. ಅಗಲಿಸಹೊರಟಾಗ ಮೊದಲು ಅಡ್ಡ ಬರುವುದು ಮರವೇ. ರಾಷ್ಟ್ರಪತಿಯವರ ತಲೆ ಮುಟ್ಟಿ ಹರಸಿ ಪದ್ಮಶ್ರೀ ಸ್ವೀಕರಿಸಿದ ವರ್ಷವೇ ತಿಮ್ಮಕ್ಕ ಈ ಮರಗಳನ್ನು ಉಳಿಸಿಕೊಡಿ ಎಂದು ಮೊರೆಯಿಡಬೇಕಾಯಿತು. ಬಾಗೇಪಲ್ಲಿ–ಹಲಗೂರು ರಸ್ತೆಯ ವಿಸ್ತರಣೆ ಆಲದ ಸಾಲಿನವರೆಗೂ ಬಂದಿತ್ತು. ಆಗ ಮುಖ್ಯಮಂತ್ರಿಯಾಗಿದ್ದ ಎಚ್.ಡಿ. ಕುಮಾರಸ್ವಾಮಿ ಅವರಿಗೆ ಮನವಿ ಹೋಯಿತು. ಬೇರೆ ದಾರಿ ನೋಡುವಂತೆ ಸೂಚನೆ ಹೊರಟಿತು. ಆರು ವರ್ಷಗಳ ಬಳಿಕ, 2025ರ ನವೆಂಬರ್ 14ರಂದು ಬೆಂಗಳೂರಿನಲ್ಲಿ ತಿಮ್ಮಕ್ಕ ನಿಧನರಾದಾಗ ಅವರಿಗೆ 114 ವರ್ಷ.